ಫಾರೆಸ್ಟ್ ಎಂದರೆ ಕಾಡೇ?

ಇಂಗ್ಲಿಷ್ ಕಲಿಸುವ ಹಳೆಯ ವ್ಯಾಕರಣ ಪುಸ್ತಕಗಳ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಮೇಲುನೋಟಕ್ಕೆ ಒಂದೇ ಅರ್ಥದವೆಂದು ತೋರುವ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಮೇಷ್ಟರು ಕೆಂಪು ಗೆರೆ ಎಳೆಯುವ ಜೋಡಿ ಪದಗಳ ಪಟ್ಟಿ ಅದು. ಹೌಸ್ ಯಾವುದು, ಹೋಮ್ ಯಾವುದು. ಹಿಲ್ ಎಷ್ಟೆತ್ತರ, ಮೌಂಟನ್ ಎಷ್ಟೆತ್ತರ. ಸ್ಯಾಲರಿ ಯಾರಿಗೆ, ವೇಜಸ್ ಯಾರಿಗೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಬರೆದು, ಮರೆತವರೇ ನಮ್ಮಲ್ಲಿ ಹೆಚ್ಚು. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಗುಡ್ಡಗಳ ನಡುವೆ ಇರುವ ಮಗ್ಗೆಯಂಥ ಊರಿನವರಿಗೆ ಮಾತ್ರ ಈ ಪಾಠ ಪರೀಕ್ಷೆಯೊಂದಿಗೆ ಮುಗಿಯುವುದಿಲ್ಲ. ಪಹಣಿಯಲ್ಲಿ, ನೋಟೀಸಿನಲ್ಲಿ, ಕೋರ್ಟಿನ ತೀರ್ಪಿನಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ. ಅಲ್ಲಿ ತಪ್ಪು ಪದಕ್ಕೆ ಅಂಕ ಹೋಗುವುದಿಲ್ಲ, ಜಮೀನು ಹೋಗುತ್ತದೆ.

ಈ ಸೀಮೆಯ ನೆಲದ ವಿನ್ಯಾಸ ಕಣ್ಣಿಗೆ ಬಹಳ ಸರಳ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಗದ್ದೆ, ಬದಿಯ ಇಳಿಜಾರಿನಲ್ಲಿ ಮರಗಳ ನೆರಳಿನ ಕಾಫಿ ತೋಟ, ಅದರಾಚೆಗೆ ಕಾಡು. ಕನ್ನಡಕ್ಕೆ ಈ ಮೂರು ಮಾತುಗಳೇ ಸಾಕು. ಆದರೆ ಕಳೆದ ನೂರೈವತ್ತು ವರ್ಷಗಳಲ್ಲಿ ಈ ಮೂರು ಬಗೆಯ ನೆಲದ ಮೇಲೆ ಒಂದೊಂದು ಕಾಯಿದೆಯೂ ಒಂದೊಂದು ಇಂಗ್ಲಿಷ್ ಪದವನ್ನು ತಂದು ಹೊದಿಸಿತು. ಜಂಗಲ್, ಫಾರೆಸ್ಟ್, ಎಸ್ಟೇಟ್, ಪ್ಲಾಂಟೇಶನ್ ಎಂಬ ಈ ಪದಗಳನ್ನು ನಾವು ಕಾಡು, ತೋಟ ಎಂದು ಎರಡೇ ಮಾತಿನಲ್ಲಿ ಅನುವಾದಿಸಿಕೊಂಡೆವು. ತೊಡಕು ಆರಂಭವಾದದ್ದು ಅಲ್ಲಿಂದ.

ಮೊದಲು ‘ಜಂಗಲ್’ ಎಂಬುದನ್ನೇ ನೋಡೋಣ. ಇದು ಇಂಗ್ಲಿಷರು ನಮ್ಮಿಂದಲೇ ಒಯ್ದ ಪದ. ಸಂಸ್ಕೃತದ ‘ಜಾಂಗಲ’ ಹಿಂದೂಸ್ತಾನಿಯ ‘ಜಂಗಲ್’ ಆಗಿ, 18ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ಬರವಣಿಗೆಗೆ ಸೇರಿತು. ತಮಾಷೆಯೆಂದರೆ ಜಾಂಗಲ ಎಂಬುದರ ಮೂಲಾರ್ಥ ದಟ್ಟ ಕಾಡು ಅಲ್ಲವೇ ಅಲ್ಲ. ಆಯುರ್ವೇದದ ಗ್ರಂಥಗಳು ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತವೆ. ಜಾಂಗಲವೆಂದರೆ ಮಳೆ ಕಡಿಮೆಯ, ಕುರುಚಲು ಗಿಡಗಳ, ಒಣ ಗಾಳಿಯ ಬಯಲು ಪ್ರದೇಶ. ನೀರು, ಕೆಸರು, ದಟ್ಟ ಮರಗಳ ನಾಡು ಆನೂಪ. ಆ ಲೆಕ್ಕದಲ್ಲಿ ಅರಸೀಕೆರೆಯ ಕಡೆಯ ಒಣಭೂಮಿ ಜಾಂಗಲಕ್ಕೆ ಹತ್ತಿರ, ಸಕಲೇಶಪುರ ಶುದ್ಧ ಆನೂಪ. ಆದರೆ ಪದ ಸಾಗರ ದಾಟಿ ವಾಪಸು ಬರುವ ಹೊತ್ತಿಗೆ ಅರ್ಥ ತಲೆಕೆಳಗಾಗಿತ್ತು. ಇಂಗ್ಲಿಷರ ಕಿವಿಯಲ್ಲಿ ಜಂಗಲ್ ಎಂದರೆ ಹುಲಿ, ಜ್ವರ, ಜಿಗಣೆಗಳ ದಟ್ಟಾರಣ್ಯ. ನಮ್ಮ ತೋಟಗಳಲ್ಲಿ ಅದು ಇನ್ನೊಂದು ಸುತ್ತು ತಿರುಗಿ ಕಳೆ, ಪೊದೆ ಎಂಬ ಅರ್ಥಕ್ಕೆ ಇಳಿಯಿತು. ‘ಜಂಗಲ್ ಕಟಿಂಗ್’ ಎಂದರೆ ಯಾರೂ ಕಾಡು ಕಡಿಯುವುದು ಎಂದು ತಿಳಿಯುವುದಿಲ್ಲ, ಗಿಡದ ಬುಡ ಸವರುವುದು ಎಂದೇ ತಿಳಿಯುತ್ತಾರೆ.

‘ಫಾರೆಸ್ಟ್’ನ ಹುಟ್ಟು ಬೇರೆ. ಅದರಲ್ಲಿ ಮರದ ವಾಸನೆಗಿಂತ ಅರಮನೆಯ ವಾಸನೆ ಹೆಚ್ಚು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಹೊರಗೆ’ ಎಂಬ ಅರ್ಥದ ಪದದಿಂದ ಅದು ಬಂದಿತೆಂದು ಬಹುಮಂದಿ ಪದವಿಜ್ಞಾನಿಗಳ ಅಭಿಪ್ರಾಯ. ಊರಿನ ಬೇಲಿಯ ಹೊರಗೆ ಮತ್ತು ಊರಿನ ಸಾಮಾನ್ಯ ಕಾನೂನಿನ ಹೊರಗೆ, ರಾಜನ ಬೇಟೆಗೆಂದು ಮೀಸಲಿಟ್ಟ ಭೂಮಿಯೇ ಫಾರೆಸ್ಟ್. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆಗಳು ಈ ಕಾನೂನನ್ನು ಅಲ್ಲಿ ಬಿಗಿಯಾಗಿ ಹೇರಿದರು. ಅಲ್ಲಿನ ಫಾರೆಸ್ಟ್‌ಗಳಲ್ಲಿ ಎಷ್ಟೋ ಜಾಗ ಮರವೇ ಇಲ್ಲದ ಬಯಲು, ಹುಲ್ಲುಗಾವಲು. ಮರಗಳಿರುವ ಜಾಗಕ್ಕೆ ಇಂಗ್ಲಿಷಿನ ಹಳೆಯ ಮಾತು ‘ವುಡ್’. ವುಡ್ ಎಂದರೆ ಮರಗಳಿವೆ ಎಂದರ್ಥ. ಫಾರೆಸ್ಟ್ ಎಂದರೆ ಯಜಮಾನನಿದ್ದಾನೆ ಎಂದರ್ಥ. ನಮ್ಮ ‘ಅರಣ್ಯ’ವೂ ಹೀಗೆಯೇ ‘ದೂರದ, ಪರಕೀಯ’ ಎಂಬ ಅರ್ಥದ ‘ಅರಣ’ದಿಂದ ಹುಟ್ಟಿ, ವೇದಕಾಲದಲ್ಲಿ ಗ್ರಾಮಕ್ಕೆ ಎದುರಾಗಿ ನಿಂತ ಪದ ಎನ್ನುವುದು ಕುತೂಹಲದ ಹೊಂದಿಕೆ. ಇಲಾಖೆಗೆ ‘ಅರಣ್ಯ ಇಲಾಖೆ’ ಎಂದು ಹೆಸರಿಟ್ಟವರು ಇದನ್ನು ಯೋಚಿಸಿಯೇ ಇಟ್ಟರೋ ಇಲ್ಲವೋ, ಹೆಸರಂತೂ ಒಪ್ಪಿದೆ. ‘ಕಾಡು ಇಲಾಖೆ’ ಎಂದಿದ್ದರೆ ಸರಿಹೋಗುತ್ತಿರಲಿಲ್ಲ.

ಕಾಡಿಗೆ ನಮ್ಮಲ್ಲಿ ಬೇರೆ ಬೇರೆ ಹೆಸರುಗಳೇ ಇದ್ದವು, ಒಂದೊಂದು ಹೆಸರಿಗೂ ಒಂದೊಂದು ಬಳಕೆಯ ಹಕ್ಕು ಅಂಟಿಕೊಂಡಿತ್ತು. ಹಳೆಯ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನ ಬೆಟ್ಟ, ಕೊಡಗಿನ ಬಾಣೆ ಮತ್ತು ಜಮ್ಮ, ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಹಾಡಿ ಇವೆಲ್ಲ ರಾಜ್ಯದ 1964ರ ಭೂಕಂದಾಯ ಕಾಯಿದೆಯಲ್ಲಿ ಇಂದಿಗೂ ಕನ್ನಡದ ಹೆಸರಿನಲ್ಲೇ ನಿಂತಿವೆ, ಏಕೆಂದರೆ ಇಂಗ್ಲಿಷಿನಲ್ಲಿ ಅವಕ್ಕೆ ಸಮಾನ ಪದವಿಲ್ಲ. ಸೊಪ್ಪಿನ ಬೆಟ್ಟ ವುಡ್ಡೂ ಅಲ್ಲ, ಜಂಗಲ್ಲೂ ಅಲ್ಲ, ಫಾರೆಸ್ಟೂ ಅಲ್ಲ. ಗದ್ದೆಗೆ ಗೊಬ್ಬರವಾಗುವ ಸೊಪ್ಪನ್ನು ಕೊಯ್ಯುವ ಹಕ್ಕಿರುವ ಬೆಟ್ಟ ಅದು.

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ 1878ರ ಅರಣ್ಯ ಕಾಯಿದೆ ‘ರಿಸರ್ವ್ಡ್’ ಮತ್ತು ‘ಪ್ರೊಟೆಕ್ಟೆಡ್’ ಎಂಬ ಎರಡು ಬಗೆಯ ಫಾರೆಸ್ಟ್‌ಗಳನ್ನು ಹುಟ್ಟಿಸಿತು. ನಿಘಂಟು ತೆರೆದು ನೋಡಿದರೆ ಕಾದಿರಿಸಿದ್ದು, ಕಾಪಾಡಿದ್ದು ಎಂದು ಎರಡೂ ಅಕ್ಕಪಕ್ಕದ ಪದಗಳೇ. ಪ್ರೊಟೆಕ್ಟೆಡ್ ಎಂಬುದೇ ಒಂದು ಕೈ ಹೆಚ್ಚು ಬಿಗಿಯೆಂದು ಯಾರಿಗಾದರೂ ತೋರೀತು. ಕಾನೂನಿನಲ್ಲಿ ಅದು ತಿರುಗುಮುರುಗು. ರಿಸರ್ವ್ಡ್ ಕಾಡಿನಲ್ಲಿ, ಅನುಮತಿ ಕೊಟ್ಟದ್ದನ್ನು ಬಿಟ್ಟು ಎಲ್ಲವೂ ನಿಷಿದ್ಧ. ಪ್ರೊಟೆಕ್ಟೆಡ್ ಕಾಡಿನಲ್ಲಿ, ನಿಷೇಧಿಸಿದ್ದನ್ನು ಬಿಟ್ಟು ಎಲ್ಲಕ್ಕೂ ಅವಕಾಶ. ಒಣಸೌದೆ ಆಯುವ ಹೆಂಗಸಿಗೆ ಈ ಎರಡು ಪದಗಳ ನಡುವಿನ ಅಂತರವೆಂದರೆ ಒಂದು ಹೊರೆ ಸೌದೆ ಮತ್ತು ಒಂದು ದಂಡದ ರಶೀದಿಯ ನಡುವಿನ ಅಂತರ. ಮೈಸೂರು ತನ್ನದೇ ಆದ 1900ರ ರೆಗ್ಯುಲೇಶನ್ನಿನಲ್ಲಿ ‘ಸ್ಟೇಟ್ ಫಾರೆಸ್ಟ್’, ‘ಡಿಸ್ಟ್ರಿಕ್ಟ್ ಫಾರೆಸ್ಟ್’ ಎಂಬ ಹೆಸರುಗಳನ್ನು ಬಳಸಿತು. 1963ರ ಕರ್ನಾಟಕ ಅರಣ್ಯ ಕಾಯಿದೆ ಮೊದಲನೆಯದರ ಜಾಗದಲ್ಲಿ ರಿಸರ್ವ್ಡ್ ಎಂಬ ಪದವನ್ನು ತಂದು, ಡಿಸ್ಟ್ರಿಕ್ಟ್ ಎಂಬುದನ್ನು ಹಾಗೆಯೇ ಉಳಿಸಿಕೊಂಡಿತು. ಅದರ 4ನೆಯ ಸೆಕ್ಷನ್ನಿನ ಪ್ರಕಾರ ಕಾಡನ್ನು ರಿಸರ್ವ್ಡ್ ಮಾಡುವ ಉದ್ದೇಶವನ್ನು ಪ್ರಕಟಿಸಬೇಕು, ಆಕ್ಷೇಪಗಳನ್ನು ಕೇಳಬೇಕು, ಬಳಿಕ 17ನೆಯ ಸೆಕ್ಷನ್ನಿನ ಪ್ರಕಾರ ಅಂತಿಮವಾಗಿ ಘೋಷಿಸಬೇಕು. ಉದ್ದೇಶ ಬೇರೆ, ಘೋಷಣೆ ಬೇರೆ. ಆದರೂ ಮೊದಲನೆಯದು ಆಗಿ ಎರಡನೆಯದು ಆಗದೆ ಉಳಿದ ಜಾಗಗಳಿಂದಾಗಿ ಮಲೆನಾಡಿನಲ್ಲಿ ‘ಸೆಕ್ಷನ್ ನಾಲ್ಕು’ ಎಂಬುದು ಇಂಗ್ಲಿಷ್ ಬಾರದವರ ಬಾಯಲ್ಲೂ ಓಡಾಡುವ ಮಾತಾಗಿದೆ.

ಇನ್ನು ತೋಟದ ಕಡೆಗೆ ಬರೋಣ. 1856ರ ಸುಮಾರಿಗೆ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ತರುಣ ಮಂಜರಾಬಾದಿಗೆ, ಎಂದರೆ ಇಂದಿನ ಸಕಲೇಶಪುರದ ಸೀಮೆಗೆ, ಬಂದು ಕಾಫಿ ನೆಟ್ಟ. 1871ರಲ್ಲಿ ಅವನು ಪ್ರಕಟಿಸಿದ ಎರಡು ಸಂಪುಟಗಳ ಪುಸ್ತಕದ ಹೆಸರು ‘ಮೈಸೂರಿನ ಜಂಗಲ್‌ಗಳಲ್ಲಿ ಪ್ಲಾಂಟರ್ ಒಬ್ಬನ ಅನುಭವಗಳು’ ಎಂಬ ಅರ್ಥ ಕೊಡುತ್ತದೆ. ಇಲ್ಲಿ ಅವನು ಪ್ಲಾಂಟರ್. ಇದೇ ಎಲಿಯಟ್ ತನ್ನ ಊರಾದ ಕ್ಲಿಫ್ಟನ್ ಪಾರ್ಕಿನಲ್ಲಿ ಹುಲ್ಲು ಬೆಳೆಸಿ ಮಣ್ಣಿನ ಸತ್ವ ಹೆಚ್ಚಿಸುವ ಪ್ರಯೋಗಗಳನ್ನು ನಡೆಸಿದ. ಅದರ ಬಗ್ಗೆ ಅವನು ಬರೆದ ಪುಸ್ತಕ ಕೃಷಿ ವಿಜ್ಞಾನಿಗಳ ವಲಯದಲ್ಲಿ ಅವನ ಕಾಫಿ ಪುಸ್ತಕಗಳಿಗಿಂತ ಹೆಚ್ಚು ಹೆಸರು ಪಡೆಯಿತು. ಅಲ್ಲಿ ಅವನು ಮಾಡಿದ್ದಕ್ಕೆ ಹೆಸರು ‘ಫಾರ್ಮಿಂಗ್’. ಮನುಷ್ಯ ಒಬ್ಬನೇ, ಮಣ್ಣಿನ ಕೆಲಸವೂ ಒಂದೇ. ಸ್ವಂತ ಊರಿನಲ್ಲಿ ಬೆಳೆದರೆ ಫಾರ್ಮರ್, ಪರರ ನಾಡಿನಲ್ಲಿ ಪರರ ಕೈಯಿಂದ ಬೆಳೆಸಿದರೆ ಪ್ಲಾಂಟರ್.

‘ಪ್ಲಾಂಟೇಶನ್’ ಎಂಬ ಪದದ ಚರಿತ್ರೆಯೂ ಇದನ್ನೇ ಹೇಳುತ್ತದೆ. 17ನೆಯ ಶತಮಾನದ ಆದಿಯಲ್ಲಿ ಇಂಗ್ಲಿಷ್ ಸರ್ಕಾರ ಐರ್ಲೆಂಡಿನ ಅಲ್‌ಸ್ಟರಿನಲ್ಲಿ ಮಾಡಿದ್ದು ‘ಪ್ಲಾಂಟೇಶನ್’, ಅಮೆರಿಕದ ಪ್ಲಿಮತ್‌ನಲ್ಲಿ 1620ರಲ್ಲಿ ನೆಲೆಸಿದವರು ಕಟ್ಟಿದ್ದೂ ‘ಪ್ಲಾಂಟೇಶನ್’. ಅಲ್ಲಿ ನೆಟ್ಟದ್ದು ಗಿಡಗಳನ್ನಲ್ಲ, ಜನರನ್ನು. ಒಂದು ನಾಡಿನ ಜನರನ್ನು ಕಿತ್ತು ಇನ್ನೊಂದು ನಾಡಿನಲ್ಲಿ ಊರುವುದೇ ಅದರ ಮೊದಲ ಅರ್ಥ. ಹೊಗೆಸೊಪ್ಪು, ಕಬ್ಬುಗಳಿಗೆ ಆ ಹೆಸರು ಬಂದದ್ದು ಆಮೇಲೆ. ‘ಎಸ್ಟೇಟ್’ ಹಾಗಲ್ಲ. ಅದು ಸ್ಥಿತಿ, ಅಂತಸ್ತು ಎಂಬ ಅರ್ಥದಿಂದ ಹೊರಟು ಆಸ್ತಿಗೆ ಬಂದು ನಿಂತ ಪದ. ಪ್ಲಾಂಟೇಶನ್ ಎಂದರೆ ಏನು ಬೆಳೆದಿದೆ ಎಂಬ ಕಡೆಗೆ ಬೆರಳು, ಎಸ್ಟೇಟ್ ಎಂದರೆ ಯಾರದು ಎಂಬ ಕಡೆಗೆ. 1942ರ ಕಾಫಿ ಕಾಯಿದೆ ಆರಿಸಿಕೊಂಡದ್ದು ಎಸ್ಟೇಟ್ ಎಂಬುದನ್ನು: ಒಂದೇ ಘಟಕವಾಗಿ ಆಡಳಿತ ನಡೆಯುವ, ಕಾಫಿ ಗಿಡಗಳಿರುವ ಪ್ರದೇಶ. ಈ ವ್ಯಾಖ್ಯೆಯಲ್ಲಿ ಬಂಗಲೆಯೂ ಇಲ್ಲ, ಬೇಟೆ ನಾಯಿಯೂ ಇಲ್ಲ. ಹಿತ್ತಲಿನ ಅರ್ಧ ಎಕರೆಯೂ ಎಸ್ಟೇಟೇ. ಹತ್ತು ಹೆಕ್ಟೇರ್‌ಗಿಂತ ಕಡಿಮೆ ಉಳ್ಳವರನ್ನು ಕಾಫಿ ಮಂಡಳಿ ‘ಸ್ಮಾಲ್ ಗ್ರೋವರ್’ ಎಂದು ಕರೆಯುತ್ತದೆ. ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಇಂಥವೇ. ಇವರು ಪ್ಲಾಂಟರ್ ಅಲ್ಲ, ಗ್ರೋವರ್. ಕನ್ನಡದ ‘ಬೆಳೆಗಾರ’ ಎಂಬ ಒಳ್ಳೆಯ ಮಾತು ಈ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತದೆ. ಎಸ್ಟೇಟಿನ ‘ರೈಟರ್’ ಕೂಡ ಸಾಹಿತಿಯಲ್ಲ ಎನ್ನುವುದನ್ನು ಘಟ್ಟದ ಕೆಳಗಿನ ಓದುಗರಿಗೆ ಇಲ್ಲಿಯೇ ಹೇಳಿಬಿಡಬಹುದು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅತಿ ಕೆಳಗಿನ ದರ್ಜೆಯ ಗುಮಾಸ್ತನಿಗೆ ಇದ್ದ ಹೆಸರು ತೋಟದ ಹಾಜರಿ ಪುಸ್ತಕದಲ್ಲಿ ಉಳಿದುಕೊಂಡಿದೆ.

ಪ್ಲಾಂಟೇಶನ್ ಎಂಬುದಕ್ಕೆ ನಿಜವಾದ ತೂಕ ಬಂದದ್ದು ಭೂಸುಧಾರಣೆಯ ಕಾಲದಲ್ಲಿ. ರಾಜ್ಯದ 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಾಗ ಗದ್ದೆಯ ಗೇಣಿದಾರರು ಅರ್ಜಿ ಹಾಕಿ ಒಡೆಯರಾದರು, ಹಿಡುವಳಿಗೆ ಮೇಲ್ಮಿತಿ ಬಿಗಿಯಾಯಿತು. ಆದರೆ ಅದೇ ಕಾಯಿದೆಯ 104ನೆಯ ಸೆಕ್ಷನ್ ಮೇಲ್ಮಿತಿಯ ಕಲಮುಗಳನ್ನು ಪ್ಲಾಂಟೇಶನ್‌ಗಳಿಗೆ ಅನ್ವಯಿಸದಂತೆ ಬಿಟ್ಟಿತು. ಕಾಫಿ, ಏಲಕ್ಕಿ, ಮೆಣಸು, ಚಹಾ, ರಬ್ಬರು ಮುಂತಾದವು ಪ್ಲಾಂಟೇಶನ್ ಬೆಳೆಗಳು. ಅಡಿಕೆ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಅಡಿಕೆ ತೋಟ ಕನ್ನಡದಲ್ಲಿ ತೋಟ, ಕಾಫಿ ತೋಟವೂ ಕನ್ನಡದಲ್ಲಿ ತೋಟ. ಆದರೆ ಒಂದಕ್ಕೆ ಮಿತಿ ಉಂಟು, ಇನ್ನೊಂದಕ್ಕೆ ಇಲ್ಲ. ಕಾಫಿಯ ಗಡಿಯೊಳಗೆ ಸಿಕ್ಕಿಕೊಂಡ ಗದ್ದೆ ಕೂಡ, ತೋಟದ ರಕ್ಷಣೆಗೆ ಬೇಕೆಂದು ಭೂನ್ಯಾಯ ಮಂಡಳಿ ಒಪ್ಪಿದಷ್ಟರ ಮಟ್ಟಿಗೆ, ಪ್ಲಾಂಟೇಶನ್ ಆಗಬಹುದಾಗಿತ್ತು. ನೂರಾರು ಎಕರೆಯ ಎಸ್ಟೇಟ್ ಹಾಗೆಯೇ ಉಳಿದು ಅದರ ಕೆಳಗಿನ ತಗ್ಗಿನ ಗದ್ದೆಗಳು ಹಂಚಿಹೋದದ್ದಕ್ಕೆ ಕಾರಣ ಈ ಒಂದು ಪದ ಎಂದರೆ ಅತಿಶಯೋಕ್ತಿಯಾಗದು.

ಅದೇ ಪ್ಲಾಂಟೇಶನ್ ಕೂಲಿಗಾರರ ವಿಷಯಕ್ಕೆ ಬಂದಾಗ ಗಾತ್ರ ಬದಲಿಸುತ್ತದೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆಯ ಪ್ರಕಾರ 25 ಎಕರೆ ಮತ್ತು 30 ಮಂದಿ ಕೆಲಸಗಾರರು ಇದ್ದರೆ ಮಾತ್ರ ಅದು ಪ್ಲಾಂಟೇಶನ್. 1981ರ ತಿದ್ದುಪಡಿ ಇದನ್ನು 5 ಹೆಕ್ಟೇರ್ ಮತ್ತು 15 ಮಂದಿಗೆ ಇಳಿಸಿತು. ಮನೆ, ಕುಡಿಯುವ ನೀರು, ವೈದ್ಯ, ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಒದಗಿಸುವ ಹೊಣೆ ಅಲ್ಲಿಂದ ಮೇಲಿನವರಿಗೆ. ಈ ಕಾಯಿದೆಯನ್ನು ಸಂಸತ್ತು 2020ರಲ್ಲಿ ಅಂಗೀಕರಿಸಿದ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಸಲಾಯಿತು. ಮಿತಿಯಿಂದ ತಪ್ಪಿಸಿಕೊಳ್ಳುವಾಗ ಚಿಕ್ಕ ತೋಟವೂ ಪ್ಲಾಂಟೇಶನ್, ಲೈನ್ ಮನೆ ಕಟ್ಟಿಸಿಕೊಡುವಾಗ ಅದು ಪ್ಲಾಂಟೇಶನ್ ಅಲ್ಲ. ಎರಡೂ ಕಾನೂನುಬದ್ಧವೇ. ಅರಣ್ಯ ಇಲಾಖೆಯ ಬಾಯಲ್ಲಿ ಮತ್ತೆ ಇದೇ ಪದಕ್ಕೆ ಮೂರನೆಯ ಅರ್ಥ. ಸಾಲಾಗಿ ನೆಟ್ಟ ಅಕೇಶಿಯ, ತೇಗ, ನೀಲಗಿರಿಗಳು ‘ಪ್ಲಾಂಟೇಶನ್’, ಕನ್ನಡದಲ್ಲಿ ನೆಡುತೋಪು. ಒಂದೇ ದಾರಿಯ ಎಡಬದಿಯ ಪ್ಲಾಂಟೇಶನ್ ಫಾರೆಸ್ಟ್, ಬಲಬದಿಯ ಪ್ಲಾಂಟೇಶನ್ ಫಾರೆಸ್ಟ್ ಅಲ್ಲ.

ಇಷ್ಟಕ್ಕೂ ಬಲಬದಿಯದು ಫಾರೆಸ್ಟ್ ಅಲ್ಲ ಎಂದು ಖಚಿತವಾಗಿ ಹೇಳುವಂತಿಲ್ಲ. ಉಪಗ್ರಹದ ಚಿತ್ರಗಳನ್ನು ನೋಡಿ ದೇಶದ ಕಾಡಿನ ಲೆಕ್ಕ ಕೊಡುವ ವರದಿ 1987ರಿಂದ ಪ್ರಕಟವಾಗುತ್ತಿದೆ. ಅದರಲ್ಲಿ ‘ಫಾರೆಸ್ಟ್ ಕವರ್’ ಮತ್ತು ‘ಫಾರೆಸ್ಟ್ ಏರಿಯಾ’ ಎಂದು ಎರಡು ಲೆಕ್ಕ. ಒಂದು ಹೆಕ್ಟೇರ್‌ಗಿಂತ ದೊಡ್ಡದಾದ ಜಾಗದಲ್ಲಿ ಮರಗಳ ನೆತ್ತಿ ನೂರಕ್ಕೆ 10 ಪಾಲಾದರೂ ನೆಲ ಮುಚ್ಚಿದ್ದರೆ, ಮರ ಯಾವುದು, ಮಾಲೀಕ ಯಾರು ಎಂದು ಕೇಳದೆ ಅದನ್ನು ಕವರ್ ಎಂದು ಬರೆದುಕೊಳ್ಳುತ್ತಾರೆ. ಹೀಗಾಗಿ ನಂದಿ, ಹೊನ್ನೆ, ಹಲಸಿನ ನೆರಳಿನಲ್ಲಿರುವ ಕಾಫಿ ತೋಟ ಫಾರೆಸ್ಟ್ ಕವರ್. ಸರ್ಕಾರದ ದಾಖಲೆಯಲ್ಲಿ ಫಾರೆಸ್ಟ್ ಎಂದು ಬರೆದ ಜಾಗ ಏರಿಯಾ. ಪಶ್ಚಿಮಘಟ್ಟದ ನೆತ್ತಿಯ ಬೋಳು ಹುಲ್ಲುಗಾವಲು ಫಾರೆಸ್ಟ್ ಏರಿಯಾ ಆಗಿರಬಹುದು, ಕವರ್ ಅಲ್ಲ. ಪತ್ರಿಕೆಗಳು ‘ರಾಜ್ಯದಲ್ಲಿ ಕಾಡು ಹೆಚ್ಚಿದೆ’ ಎಂದು ಬರೆದಾಗ ಯಾವುದು ಹೆಚ್ಚಿತು ಎಂದು ಓದುಗರು ಕೇಳಿಕೊಳ್ಳಬೇಕು. ಬೀಜ ಬಿದ್ದು ತಾನೇ ಬೆಳೆದ ಕಾಡು ಕಡಿಮೆಯಾಗಿ ನೆಡುತೋಪು ಹೆಚ್ಚಾದರೂ ಲೆಕ್ಕದಲ್ಲಿ ಹೆಚ್ಚಳವೇ.

ಈ ಗೊಂದಲ ಕೊನೆಗೆ ಸುಪ್ರೀಂ ಕೋರ್ಟಿನ ಬಾಗಿಲಿಗೂ ಹೋಯಿತು. ನೀಲಗಿರಿಯ ಗೂಡಲೂರಿನಲ್ಲಿ ಮರ ಕಡಿಯುವುದರ ವಿರುದ್ಧ ಟಿ. ಎನ್. ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 1996ರ ಡಿಸೆಂಬರ್ 12ರಂದು ನ್ಯಾಯಾಲಯ ಹೇಳಿದ್ದರ ಸಾರ ಇದು: 1980ರ ಅರಣ್ಯ ಸಂರಕ್ಷಣಾ ಕಾಯಿದೆಯಲ್ಲಿ ಫಾರೆಸ್ಟ್ ಎಂಬುದನ್ನು ನಿಘಂಟಿನ ಅರ್ಥದಲ್ಲಿ ತಿಳಿಯಬೇಕು, ಒಡೆತನ ಯಾರದೇ ಆಗಿರಲಿ, ದಾಖಲೆಯಲ್ಲಿ ಫಾರೆಸ್ಟ್ ಎಂದಿದ್ದರೆ ಅದೂ ಫಾರೆಸ್ಟ್. ದೇಶದ ಅತ್ಯುಚ್ಚ ನ್ಯಾಯಾಲಯ ಆಡಳಿತಗಾರರ ಕೈಗೆ ನಿಘಂಟು ಕೊಟ್ಟ ಅಪರೂಪದ ಪ್ರಸಂಗವಿದು. ಆ ಆದೇಶ ಎಷ್ಟೋ ಕಾಡನ್ನು ಗರಗಸದಿಂದ ಉಳಿಸಿತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಿಘಂಟು ಪದದ ಅರ್ಥ ಹೇಳೀತೇ ಹೊರತು ಸರ್ವೆ ನಂಬರು ಹೇಳದು.

ಹಾಗಾಗಿ ‘ಡೀಮ್ಡ್ ಫಾರೆಸ್ಟ್’ ಬಂತು. ಡೀಮ್ಡ್ ಎಂದರೆ ‘ಆಗಿದೆ’ ಎಂದಲ್ಲ, ‘ಆಗಿದೆಯೆಂದು ಭಾವಿಸತಕ್ಕದ್ದು’ ಎಂದು. ಕನ್ನಡದಲ್ಲಿ ‘ಪರಿಭಾವಿತ ಅರಣ್ಯ’ ಎಂದು ಬರೆಯುತ್ತಾರೆ. ಓದಿದವರಿಗೂ ಅರ್ಥವಾಗದ ಮಾತು, ಊರವರು ಡೀಮ್ಡ್ ಎಂದೇ ಅನ್ನುತ್ತಾರೆ. ಕರ್ನಾಟಕದಲ್ಲಿ ಇಂಥ ಜಾಗ 9.94 ಲಕ್ಷ ಹೆಕ್ಟೇರ್ ಎಂದು ಮೊದಲು ಗುರುತಿಸಲಾಯಿತು. ಅದರಲ್ಲಿ ಊರಿನ ಗೋಮಾಳ, ಸಾಗುವಳಿ, ಮನೆಗಳೂ ಸೇರಿವೆಯೆಂಬ ದೂರುಗಳ ಬಳಿಕ 2022ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಸುಮಾರು 3.30 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ಒಂದು ಮರವೂ ಕದಲದೆ, ಒಂದು ಸಸಿಯೂ ಚಿಗುರದೆ ಆರೂವರೆ ಲಕ್ಷ ಹೆಕ್ಟೇರ್ ‘ಭಾವಿಸಿದ’ ಕಾಡು ಕಾಡಲ್ಲವಾಯಿತು. 2023ರಲ್ಲಿ ಸಂಸತ್ತು 1980ರ ಕಾಯಿದೆಯನ್ನು ತಿದ್ದಿ ಫಾರೆಸ್ಟ್‌ನ ವ್ಯಾಪ್ತಿಯನ್ನು ಕಿರಿದುಗೊಳಿಸಿತು, ಕಾಯಿದೆಯ ಹೆಸರಿನಲ್ಲಿದ್ದ ಫಾರೆಸ್ಟ್ ಎಂಬ ಪದವನ್ನೇ ತೆಗೆದು ‘ವನ’ ಎಂದಿಟ್ಟಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶದಲ್ಲಿ, ಸದ್ಯಕ್ಕೆ 1996ರ ನಿಘಂಟಿನ ಅರ್ಥವೇ ನಡೆಯಲಿ ಎಂದಿತು.

ಮಲೆನಾಡಿನ ಸಣ್ಣ ಹಿಡುವಳಿದಾರನಿಗೆ ಇದಕ್ಕಿಂತ ಹತ್ತಿರದ ಜೋಡಿ ಪದ ಇನ್ನೊಂದಿದೆ: ‘ಎನ್‌ಕ್ರೋಚ್‌ಮೆಂಟ್’ ಮತ್ತು ‘ಅನಧಿಕೃತ ಸಾಗುವಳಿ’. ಮೊದಲನೆಯದರ ಹೊಟ್ಟೆಯಲ್ಲಿ ಕೊಕ್ಕೆ ಎಂಬ ಅರ್ಥದ ಫ್ರೆಂಚ್ ಪದವಿದೆ, ಪರರದನ್ನು ಕೊಕ್ಕೆ ಹಾಕಿ ಎಳೆದುಕೊಳ್ಳುವುದು. ಎರಡನೆಯದಕ್ಕೆ ನಮ್ಮ ಕಂದಾಯ ಕಚೇರಿಯ ಹಳೆಯ ಹೆಸರು ಬಗರ್‌ಹುಕುಂ, ಪಾರಸಿಯಲ್ಲಿ ‘ಹುಕುಂ ಇಲ್ಲದೆ’ ಎಂದಷ್ಟೇ. ಹುಕುಂ ಇಲ್ಲದ್ದಕ್ಕೆ ಹುಕುಂ ಕೊಡಿಸಿದರೆ ಮುಗಿಯಿತು. ಕೊಕ್ಕೆಯನ್ನು ಕಿತ್ತೇ ಹಾಕಬೇಕು. ಅದೇ ಎರಡು ಎಕರೆ ಕಾಫಿ ತಹಶೀಲ್ದಾರರ ಕಚೇರಿಯಲ್ಲಿ ಸಕ್ರಮದ ಅರ್ಜಿ, ರೇಂಜ್ ಕಚೇರಿಯಲ್ಲಿ ಒತ್ತುವರಿಯ ಮೊಕದ್ದಮೆ. ಸರ್ಕಾರಿ ಜಮೀನಿನಲ್ಲಿ ಕಾಫಿಯಂಥ ಬೆಳೆ ಮಾಡಿಕೊಂಡವರಿಗೆ 25 ಎಕರೆಯವರೆಗೆ 30 ವರ್ಷದ ‘ಲೀಸ್’ ಕೊಡಲು ಭೂಕಂದಾಯ ಕಾಯಿದೆಗೆ ಇತ್ತೀಚಿನ ವರ್ಷಗಳಲ್ಲಿ ತಿದ್ದುಪಡಿ ಬಂತು. ಲೀಸ್ ಬೇರೆ, ‘ಗ್ರಾಂಟ್’ ಬೇರೆ. ಗ್ರಾಂಟ್ ಆದರೆ ಮಂಜೂರಾತಿ, ಮಕ್ಕಳಿಗೆ ಉಳಿಯುವಂಥದು. ಲೀಸ್ ಆದರೆ ಗುತ್ತಿಗೆ, ಅವಧಿ ಮುಗಿದ ದಿನ ಮತ್ತೆ ಹುಕುಂ ಇಲ್ಲದವರೇ. ಊರಿನಲ್ಲಿ ಎರಡಕ್ಕೂ ‘ಜಮೀನು ಆಯ್ತು’ ಎಂದೇ ಮಾತು.

ಆನೆಗಳ ವಿಷಯ ಹೇಳದೆ ಈ ಸೀಮೆಯ ಮಾತು ಪೂರ್ತಿಯಾಗದು. ಹೈಕೋರ್ಟಿನ ಆದೇಶದ ಮೇರೆಗೆ ರಚನೆಯಾದ ಆನೆ ಕಾರ್ಯಪಡೆ 2012ರ ವರದಿಯಲ್ಲಿ ರಾಜ್ಯದ ಆನೆ ನೆಲೆಗಳನ್ನು ಮೂರು ವಲಯಗಳಾಗಿ ವಿಂಗಡಿಸಿತು; ಆಲೂರು ಭಾಗ ಆನೆಗಳನ್ನು ತೆಗೆಯಬೇಕಾದ ವಲಯಕ್ಕೆ ಸೇರಿತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಇಲ್ಲಿಂದ ಹಿಡಿದು ಸಾಗಿಸಲಾಯಿತು. ಆನೆಗಳು ಮತ್ತೆ ಬಂದವು. ಅವುಗಳ ದೃಷ್ಟಿಯಲ್ಲಿ ಕಾಫಿಯ ನೆರಳೂ ಕಾಡೇ, ಫಾರೆಸ್ಟ್ ಕವರ್ ಲೆಕ್ಕ ಹಾಕುವವರ ಹಾಗೆ. ಆನೆ ಗದ್ದೆ ತುಳಿದಾಗ, ಮನುಷ್ಯರು ಸತ್ತಾಗ ಸಿಗುವ ಹಣವನ್ನು ಜನ ‘ಪರಿಹಾರ’ ಎನ್ನುತ್ತಾರೆ. ವರದಿಗಾರರು ಇಂಗ್ಲಿಷಿನಲ್ಲಿ ‘ಕಾಂಪೆನ್ಸೇಶನ್’ ಎಂದು ಬರೆಯುತ್ತಾರೆ. ಆ ಪದದಲ್ಲಿ ತಕ್ಕಡಿ ಇದೆ: ನಷ್ಟವನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ಅದಕ್ಕೆ ಸರಿದೂಗುವಷ್ಟು ಇಡುವುದು, ಕಡಿಮೆಯಾದರೆ ಕೇಳುವ ಹಕ್ಕು. ಸರ್ಕಾರದ ಆದೇಶಗಳಲ್ಲಿ ಇರುವ ಪದ ಅದಲ್ಲ. ‘ಎಕ್ಸ್ ಗ್ರೇಶಿಯ’ ಎಂಬ ಲ್ಯಾಟಿನ್ ಮಾತು ಅಲ್ಲಿದೆ, ‘ಕೃಪೆಯಿಂದ’ ಎಂದರ್ಥ. ಇಷ್ಟು ಬೆಳೆಗೆ ಇಷ್ಟು, ಒಂದು ಜೀವಕ್ಕೆ ಇಷ್ಟು ಎಂದು ದರ ಮೊದಲೇ ಗೊತ್ತುಮಾಡಿರುತ್ತದೆ. ಇಲಾಖೆಯ ಕನ್ನಡ ಕಾಗದಗಳಲ್ಲಿ ಅದಕ್ಕೆ ಒಂದು ಪ್ರಾಮಾಣಿಕವಾದ ಅನುವಾದವೇ ಇದೆ. ಅಲ್ಲಿ ಆ ಹಣದ ಹೆಸರು ‘ದಯಾತ್ಮಕ ಧನ’.